ಕಡತದ ಬಟ್ಟೆ, ಕುದುರೆಯ ತೊಗಲು

ಧಾರವಾಡ, ವಿಜಯಪುರದ ಕಡೆ ಶಾಲೆಗೆ ಹೋಗುವ ಮಗುವಿನ ಹೆಗಲಚೀಲಕ್ಕೆ ಇಂದಿಗೂ ಪಾಟೀಚೀಲ ಎಂದೇ ಹೆಸರು. ಅದರೊಳಗೆ ಪಾಟಿ ಇಲ್ಲದಾಗಿ ಬಹಳ ಕಾಲವಾಯಿತು, ಹೆಸರು ಮಾತ್ರ ಚೀಲವನ್ನು ಬಿಟ್ಟಿಲ್ಲ. ಹಾಗೆಯೇ ವಿಧಾನಸೌಧದ ಮೊಗಸಾಲೆಯಲ್ಲಿ ಮೇಜಿನಿಂದ ಮೇಜಿಗೆ ದಾಟುವ ಕಾಗದದ ಕಟ್ಟಿಗೆ ಕಡತ ಎನ್ನುತ್ತೇವೆ. ಆ ಹೆಸರು ಹೊತ್ತಿದ್ದ ಮೂಲ ವಸ್ತುವಿನಲ್ಲಿ ಕಾಗದದ ಚೂರೂ ಇರಲಿಲ್ಲ. ಅದು ಕಪ್ಪು ಬಳಿದ ಬಟ್ಟೆ. ಬರೆದು, ಅಳಿಸಿ, ಮತ್ತೆ ಬರೆಯಬಹುದಾದ ಮಡಿಕೆಯ ಹಲಗೆ. ಈಗ ವಕೀಲರ, ವೈದ್ಯರ, ಲೆಕ್ಕಪರಿಶೋಧಕರ ಕೈಗೆ ಬರೆದು ಅಳಿಸುವ ಹಲಗೆ ಟ್ಯಾಬ್ಲೆಟ್ ಎಂಬ ಹೆಸರಿನಲ್ಲಿ ಮರಳಿ ಬಂದಿದೆ. ಅದಕ್ಕೊಂದು ತೊಗಲಿನ ಕವರು ಹಾಕಿಸಿದರೆ ಗಾಂಭೀರ್ಯ ಬರುತ್ತದೆ, ಹಳೆಯ ಕಾಲದ ಮರ್ಯಾದೆ ಬರುತ್ತದೆ ಎಂದು ಕೊಳ್ಳುವವರೂ ಮಾರುವವರೂ ನಂಬಿದ್ದಾರೆ. ಕನ್ನಡ ನಾಡಿನ ಮಟ್ಟಿಗೆ ಈ ನಂಬಿಕೆ ತಲೆಕೆಳಗಾದದ್ದು ಎಂಬುದು ಇಲ್ಲಿಯ ವಾದ. ಲೆಕ್ಕ ಬರೆದು ಬದುಕಿದ ಇಲ್ಲಿಯ ಜನ ತಮ್ಮ ಹಲಗೆಗೆ ಹೊದಿಸಿದ್ದು ಮರವನ್ನು ಮತ್ತು ಬಟ್ಟೆಯನ್ನು. ತೊಗಲು ಅವರಿಗೆ ಸಿಗದ ವಸ್ತುವೇನಲ್ಲ. ಅದು ಸೇರಿದ್ದು ಬೇರೆ ಕೆಲಸಗಳಿಗೆ, ಬೇರೆ ಮೈಕೈಗಳಿಗೆ. ಬರಹದ ಹಲಗೆಯ ಮೇಲೆ ಅದು ಬಂದು ಕೂತದ್ದು ಕರಣಿಕನ ಗದ್ದುಗೆಯ ಕಡೆಯಿಂದಲ್ಲ, ಕುದುರೆಯ ಬೆನ್ನಿನ ಕಡೆಯಿಂದ.

ಕಡತ ಹೇಗಿತ್ತು ಎಂಬುದನ್ನು ಮೊದಲು ಸ್ಪಷ್ಟಮಾಡಿಕೊಳ್ಳಬೇಕು. 1803ರಿಂದ 1808ರವರೆಗೆ ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್, 1810ರಲ್ಲಿ ಮೊದಲ ಸಂಪುಟ ಹೊರಬಂದ ತನ್ನ ದಕ್ಷಿಣ ಭಾರತದ ಇತಿಹಾಸದಲ್ಲಿ ಇದನ್ನು ಕಣ್ಣಾರೆ ಕಂಡವನ ಆಸಕ್ತಿಯಿಂದ ವಿವರಿಸಿದ್ದಾನೆ. ಎಂಟು ಅಂಗುಲದಿಂದ ಒಂದು ಅಡಿ ಅಗಲ, 12ರಿಂದ 18 ಅಡಿ ಉದ್ದದ ಹತ್ತಿಬಟ್ಟೆಯ ಪಟ್ಟಿ. ಅದರ ಎರಡೂ ಮೈಗೆ ಅಂಟಿನಲ್ಲಿ ಕಲಸಿದ ಇದ್ದಿಲ ಪುಡಿಯ ಲೇಪ. ಅಂಟು ಹುಣಸೆಬೀಜದ್ದು. ಚೆನ್ನಾಗಿ ಒಣಗಿದ ಮೇಲೆ ಕತ್ತರಿಸದೆ, ಹೊಲಿಯದೆ, ಒಂದೇ ಅಳತೆಯ ಮಡಿಕೆಗಳಾಗಿ ಹಿಂದೆಮುಂದೆ ಮಡಿಸುತ್ತಿದ್ದರು. ಮೊದಲ ಮತ್ತು ಕೊನೆಯ ಮಡಿಕೆಗೆ ಬಣ್ಣ ಬಳಿದು ಮೆರುಗು ಕೊಟ್ಟ ಮರದ ತಗಡುಗಳನ್ನು ಅಂಟಿಸಿದರೆ ಪುಸ್ತಕದ ರಟ್ಟಿನಂತೆ ಕಾಣುತ್ತಿತ್ತು. ಅನುಕೂಲವಿದ್ದವರು ಅದನ್ನು ರೇಷ್ಮೆಯ ಇಲ್ಲವೇ ಹತ್ತಿಯ ಚೀಲದಲ್ಲಿ ಇಡುತ್ತಿದ್ದರು, ಅಥವಾ ಬಣ್ಣದ ಲಾಡಿ ಸುತ್ತುತ್ತಿದ್ದರು. ಅದಿಲ್ಲದವರಿಗೆ ಸಾದಾ ದಾರ. ಬರೆಯುವುದು ಬಳಪದಿಂದ, ಅಳಿಸುವುದು ಬಟ್ಟೆಯಿಂದ. ಮೈಸೂರು ಸೀಮೆಯ ವರ್ತಕರು, ಅಂಗಡಿಯವರು ಎಲ್ಲೆಲ್ಲೂ ಇದನ್ನೇ ಬಳಸುತ್ತಿದ್ದರೆಂದು ಅವನ ಮಾತು. ಅಲೆಕ್ಸಾಂಡರನ ನೌಕಾಧಿಪತಿ ನಿಯಾರ್ಕಸ್ ಭಾರತೀಯರು ಬಟ್ಟೆಯ ಮೇಲೆ ಬರೆಯುತ್ತಾರೆಂದು ಹೇಳಿದ್ದು ಗ್ರೀಕ್ ಬರಹಗಳಲ್ಲಿ ಉಳಿದಿದೆಯಲ್ಲ, ಆ ಬಟ್ಟೆ ಇದೇ ಇರಬಹುದು ಎಂದೂ ವಿಲ್ಕ್ಸ್ ಊಹಿಸಿದ. ಎರಡು ಸಾವಿರ ವರ್ಷಗಳ ಆ ಜಿಗಿತವನ್ನು ಊಹೆಯಾಗಿಯೇ ಇಟ್ಟುಕೊಳ್ಳೋಣ.

ಊಹೆ ಬೇಡದ ಹಳಮೆಯೂ ಕಡತಕ್ಕೆ ಉಂಟು. ಕಲ್ಯಾಣದ ಚಾಲುಕ್ಯರ ಶಾಸನಗಳಲ್ಲಿ ಕಡಿತವೆರ್ಗಡೆ ಎಂಬ ಅಧಿಕಾರಿ ಬರುತ್ತಾನೆ. ಕಡಿತವೆಂದರೆ ಲೆಕ್ಕದ ದಾಖಲೆ, ಅದನ್ನು ನೋಡಿಕೊಳ್ಳುವ ಹೆಗ್ಗಡೆ ಅವನು. ಅಂದರೆ ಹನ್ನೊಂದು, ಹನ್ನೆರಡನೆಯ ಶತಮಾನದಲ್ಲಿ ಈ ಹೆಸರು ರಾಜ್ಯದ ದೊಡ್ಡ ಹುದ್ದೆಯೊಂದಕ್ಕೆ ಅಂಟಿಕೊಳ್ಳುವಷ್ಟು ಬಲಿತಿತ್ತು. ಬರೆಯುವ ಬಳಪವಂತೂ ನಮ್ಮ ನೆಲದ್ದೇ. ಬೇಲೂರು, ಹಳೇಬೀಡಿನ ಗುಡಿಗಳನ್ನು ಕೆತ್ತಿದ ಮೆತ್ತನೆಯ ಕಲ್ಲನ್ನು ಜನ ಬಳಪದ ಕಲ್ಲು ಎಂದೇ ಕರೆಯುತ್ತಾರೆ. ರೂವಾರಿಯ ಉಳಿಗೂ ಅಂಗಡಿಕಾರನ ಬೆರಳಿಗೂ ಒಗ್ಗಿದ ಕಲ್ಲು ಒಂದೇ ಕುಲದ್ದು. ಇನ್ನು ಉಳಿವಿನ ಮಾತು. ಭಾರತದ ಲಿಪಿಗಳ ಬಗ್ಗೆ 1896ರಲ್ಲಿ ದೊಡ್ಡ ಗ್ರಂಥ ಬರೆದ ಜರ್ಮನ್ ವಿದ್ವಾಂಸ ಗೇಆರ್ಗ್ ಬ್ಯೂಲರ್ ಕೂಡ ಕನ್ನಡ ವರ್ತಕರ ಈ ಕಪ್ಪು ಬಟ್ಟೆಯನ್ನು ಹೆಸರಿಸಿದ. ಶೃಂಗೇರಿ ಮಠದಲ್ಲಂತೂ ಇನ್ನೂರು, ಮುನ್ನೂರು ವರ್ಷ ಹಳೆಯ ಕಡತಗಳು ನೂರಾರು ಸಿಕ್ಕಿವೆ. ಕೈಯಿಂದ ಒರೆಸಿದರೆ ಮಾಯವಾಗುವ ಬರಹ, ವರ್ಷದ ನಾಲ್ಕು ತಿಂಗಳು ಮಳೆ ಸುರಿಯುವ ಮಲೆನಾಡಿನ ಮೂಲೆಯಲ್ಲಿ ಅಷ್ಟು ಕಾಲ ಹೇಗೆ ಬಾಳಿತು?

ಉತ್ತರ ಅದರ ಕಟ್ಟಿನಲ್ಲಿದೆ. ಕಡತಕ್ಕೆ ಬೆನ್ನೆಲುಬಿಲ್ಲ. ಕಾಗದದ ಪುಸ್ತಕವನ್ನು ಒಂದು ಅಂಚಿನಲ್ಲಿ ಹೊಲಿಯುತ್ತಾರೆ. ಆ ಹೊಲಿಗೆಯನ್ನು ಮುಚ್ಚಿ, ಎರಡು ರಟ್ಟುಗಳನ್ನು ಹಿಡಿದು, ದಿನಕ್ಕೆ ಹತ್ತು ಸಲ ತೆರೆದು ಮುಚ್ಚಿದರೂ ಹರಿಯದ ಕೀಲು ಬೇಕು. ಆ ಕೀಲಿನ ಕೆಲಸಕ್ಕೆ ತೊಗಲಿನಷ್ಟು ಒದಗುವ ವಸ್ತು ಇನ್ನೊಂದಿಲ್ಲ. ಕಡತ ಎರಡೂ ಕಡೆಯಿಂದ ತೆರೆಯುತ್ತದೆ, ಎಳೆದರೆ ಹಾವಿನಂತೆ ಉದ್ದಕ್ಕೆ ಬಿಚ್ಚಿಕೊಳ್ಳುತ್ತದೆ. ಅದರ ಕೀಲು ಬಟ್ಟೆಯೇ, ಪ್ರತಿ ಮಡಿಕೆಯೂ ಒಂದು ಕೀಲು. ತೊಗಲಿಗೆ ಅಲ್ಲಿ ಮಾಡುವ ಕೆಲಸವೇ ಇಲ್ಲ. ಹೊರಗಿನ ಒತ್ತಡ ತಾಳಲು ಎರಡು ಮರದ ತಗಡು ಸಾಕು. ಒಳಗೆ ಬರಹದ ಮೈ ಬರಹದ ಮೈಯನ್ನೇ ಮುಟ್ಟುತ್ತದೆ, ಬಿಗಿಯಾಗಿ ಕಟ್ಟಿದರೆ ಮಡಿಕೆಗಳು ಉಜ್ಜಾಡುವುದಿಲ್ಲ, ಉಜ್ಜಾಡದಿದ್ದರೆ ಬಳಪ ಅಳಿಸುವುದಿಲ್ಲ. ಕಡತವನ್ನು ಕಾದದ್ದು ಚೀಲಕ್ಕಿಂತ ಹೆಚ್ಚಾಗಿ ಕಟ್ಟಿದ ದಾರ ಎನ್ನಬೇಕು. ಚೀಲದ ಕೆಲಸ ದೂಳು ತಡೆಯುವುದು ಮತ್ತು ಗಾಳಿಯಾಡಗೊಡುವುದು. ಹುಣಸೆಬೀಜದ ಅಂಟು ಹುಳುವಿಗೂ ಬೂಷ್ಟಿಗೂ ಹಬ್ಬದೂಟ. ಅದನ್ನು ಗಾಳಿಯಾಡದ, ತಾನೇ ತೇವ ಹೀರಿಕೊಳ್ಳುವ ತೊಗಲಿನಲ್ಲಿ ಮುಚ್ಚಿಟ್ಟರೆ ಆಷಾಢ ಕಳೆಯುವಷ್ಟರಲ್ಲಿ ಒಳಗೂ ಹೊರಗೂ ಬಿಳಿ ಬೂಷ್ಟು ಹತ್ತಿರುತ್ತದೆ. ಬಟ್ಟೆಯಾದರೆ ಒದ್ದೆಯಾಗುತ್ತದೆ, ಒಣಗುತ್ತದೆ, ಕೊಳೆಯಾದರೆ ಒಗೆಯಬಹುದು, ಹರಿದರೆ ಬದಲಿಸಬಹುದು. ತಾಳೆಗರಿಯ ಕಟ್ಟುಗಳಿಗೂ ನಮ್ಮ ಮಠ, ಬಸದಿಗಳಲ್ಲಿ ಇದೇ ಉಪಚಾರ: ಮೇಲೆ ಕೆಳಗೆ ಮರದ ಹಲಗೆ, ನಡುವೆ ತೂರಿದ ದಾರ, ಸುತ್ತ ಬಟ್ಟೆ. ಬೇರೆ ಬೇರೆ ಸಾಮಗ್ರಿಯ ಎರಡು ಬರಹಗಳು ಒಂದೇ ಬಗೆಯ ಹೊದಿಕೆಗೆ ಬಂದು ನಿಂತದ್ದು ಆಕಸ್ಮಿಕವಲ್ಲ.

ಇಷ್ಟೆಲ್ಲ ಸುತ್ತು ಯಾಕೆ, ಮೈಲಿಗೆಯ ಒಂದೇ ಮಾತಿನಲ್ಲಿ ಇದು ಮುಗಿಯುತ್ತದಲ್ಲ ಎಂದು ಯಾರಾದರೂ ಕೇಳಬಹುದು, ಕೇಳಲೇಬೇಕು. ಲೆಕ್ಕ ಬರೆಯುತ್ತಿದ್ದ ಶಾನುಭೋಗರು ಬಹುಪಾಲು ಬ್ರಾಹ್ಮಣರು. ತೊಗಲು ಹದ ಮಾಡುವವರನ್ನು ಊರ ಹೊರಗಿಟ್ಟ ಸಮಾಜದಲ್ಲಿ, ಸರಸ್ವತಿ ಎಂದು ಪೂಜಿಸುವ ಬರಹಕ್ಕೆ ದನದ ತೊಗಲು ಸುತ್ತುವ ಮಾತು ಏಳುವಂತೆಯೇ ಇರಲಿಲ್ಲ. ಈ ಆಕ್ಷೇಪವನ್ನು ನಯವಾಗಿ ಪಕ್ಕಕ್ಕೆ ಸರಿಸುವುದು ಅಪ್ರಾಮಾಣಿಕತೆ. ತೊಗಲು ಹದಮಾಡಿದವನ ಹೆಸರು ಕಂದಾಯದ ಬಾಕಿಯಾಗಿ ಕಡತದೊಳಗೆ ಬಂತೇ ಹೊರತು ಕಡತ ಅವನ ಕೈಗೆ ಬರಲಿಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರದ ಲೆಕ್ಕ ನೋಡುತ್ತಿದ್ದ ಬಸವಣ್ಣನವರು ಡೋಹರ ಕಕ್ಕಯ್ಯ, ಮಾದಾರ ಚೆನ್ನಯ್ಯ, ಸಮಗಾರ ಹರಳಯ್ಯರನ್ನು ಹಿರಿಯರೆಂದು ಭಾವಿಸಿದ್ದು ಯಾಕೆ ಅಷ್ಟು ದೊಡ್ಡ ಸ್ಫೋಟವಾಯಿತು ಎಂಬುದು ಈ ಹಿನ್ನೆಲೆಯಲ್ಲಿ ಅರ್ಥವಾಗುತ್ತದೆ. ಆದರೂ ಮೈಲಿಗೆಯೊಂದೇ ಕಾರಣವೆನ್ನಲು ಸಾಕ್ಷ್ಯ ಒಪ್ಪುವುದಿಲ್ಲ. ಗುಡಿಯ ಮದ್ದಳೆ, ಚೆಂಡೆಗೆ ಬಿಗಿದದ್ದು ತೊಗಲು. ಕಪಿಲೆ ಬಾವಿಯಿಂದ ಬ್ರಾಹ್ಮಣನ ಅಗ್ರಹಾರದ ಗದ್ದೆಗೂ ನೀರೆತ್ತಿದ್ದು ತೊಗಲ ಬಾನಿ. ಕಮ್ಮಾರನ ತಿದಿ ತೊಗಲಿನದು. ಜಪಕ್ಕೆ ಕೂರುವವನ ಕೆಳಗೆ ಜಿಂಕೆಯ ಅಜಿನ. ರಾಮಾಯಣವನ್ನೇ ತೊಗಲುಗೊಂಬೆಗಳಲ್ಲಿ ಆಡಿಸಿದರು, ದೇವರ ಆಕಾರವನ್ನೇ ತೊಗಲಿನಲ್ಲಿ ಕೊರೆದರು. ಎಲ್ಲಿ ತೊಗಲಿಲ್ಲದೆ ಕೆಲಸ ನಡೆಯುವುದಿಲ್ಲವೋ ಅಲ್ಲಿ ಶಾಸ್ತ್ರ ಒಂದು ದಾರಿ ಹುಡುಕಿಕೊಂಡಿತು. ಕಡತದ ವಿಷಯದಲ್ಲಿ ಅಂಥ ದಾರಿ ಹುಡುಕುವ ಅಗತ್ಯವೇ ಬೀಳಲಿಲ್ಲ. ಮೈಲಿಗೆ ಬಾಗಿಲು ಮುಚ್ಚಿತ್ತು, ನಿಜ. ಆ ಬಾಗಿಲನ್ನು ತಟ್ಟಿದವರೂ ಇರಲಿಲ್ಲ.

ಇದನ್ನು ಪರೀಕ್ಷಿಸಲು ಶ್ರೀರಂಗಪಟ್ಟಣದಷ್ಟು ಒಳ್ಳೆಯ ಊರು ಸಿಗಲಾರದು. ಟಿಪ್ಪು ಸುಲ್ತಾನನ ಅರಮನೆಯಲ್ಲಿ ಸುಮಾರು 2000 ಸಂಪುಟಗಳ ಗ್ರಂಥಾಲಯವಿತ್ತು. ಅವನ ಮರಣದ ನಂತರ ಅದು ಕಂಪನಿಯ ಕೈಸೇರಿ, ಚಾರ್ಲ್ಸ್ ಸ್ಟೀವರ್ಟ್ 1809ರಲ್ಲಿ ಅದರ ಪಟ್ಟಿಯನ್ನು ಪ್ರಕಟಿಸಿದ. ಟಿಪ್ಪು ಕಟ್ಟಿಸಿದ ಪುಸ್ತಕಗಳ ತೊಗಲ ರಟ್ಟಿನ ಮೇಲೆ ಅಚ್ಚೊತ್ತಿದ ಪದಕ, ನಾಲ್ಕು ಮೂಲೆಗಳಲ್ಲಿ ಮೊದಲ ನಾಲ್ವರು ಖಲೀಫರ ಹೆಸರು, ಮೇಲೆ ಸರ್ಕಾರೆ ಖುದಾದಾದ್ ಎಂಬ ಮುದ್ರೆ. ತೊಗಲು ಅಲ್ಲಿ ಮೈಲಿಗೆಯಲ್ಲ, ವೈಭವ. ಅದೇ ಕೋಟೆಯ ಪೇಟೆಯಲ್ಲಿ, ಕೂಗಿದರೆ ಕೇಳುವಷ್ಟು ದೂರದಲ್ಲಿ, ವರ್ತಕರು ಬಟ್ಟೆ ಸುತ್ತಿದ ಕಡತದಲ್ಲಿ ಲೆಕ್ಕ ಬರೆಯುತ್ತಿದ್ದರು. ಟಿಪ್ಪುವಿಗೆ ಕಡತದ ಮೇಲೆ ಕೋಪವಿತ್ತು. ಸರ್ಕಾರಿ ಲೆಕ್ಕವನ್ನು ಅದರಲ್ಲಿ ಬರೆಯಬಾರದೆಂದು ಆಜ್ಞೆ ಮಾಡಿದ. 1792ರಲ್ಲಿ ಅವನ ಕಂದಾಯದ ಕಟ್ಟಳೆಗಳನ್ನು ಇಂಗ್ಲಿಷಿಗೆ ತಂದ ಕ್ರಿಸ್ಪ್ ಎಂಬ ಅಧಿಕಾರಿ ಅಲ್ಲಿ ಬಂದ ಆ ಪದ ತಿಳಿಯದೆ ತಾಳೆಗರಿ ಎಂದು ಊಹಿಸಿಬಿಟ್ಟ. ವಿಲ್ಕ್ಸ್ ಅದನ್ನು ಮುಂದೆ ತಿದ್ದಿದ. ಸುಲ್ತಾನನ ತಕರಾರು ಏನಿರಬಹುದು? ಕಡತ ಅಳಿಸುತ್ತದೆ. ಯಾರು ಯಾವಾಗ ಒರೆಸಿ ತಿದ್ದಿದರು ಎಂಬ ಗುರುತು ಉಳಿಯುವುದಿಲ್ಲ. ಎಲ್ಲವನ್ನೂ ರಾಜಧಾನಿಯಿಂದ ಅಳೆಯಬಯಸಿದ ದೊರೆಗೆ ಶಾನುಭೋಗನ ಕೈಯಲ್ಲಿದ್ದ ಈ ಸ್ವಾತಂತ್ರ್ಯ ಸಹಿಸಲಾಗದ್ದು. ಕಡತವನ್ನು ಕಚೇರಿಯಿಂದ ಹೊರಹಾಕಿದ ದೊರೆಯ ಕನ್ನಡ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವರ ಕಣ್ಣಿಗೆ ಬಿದ್ದದ್ದು, ಕಡತಗಳನ್ನು ಜೋಪಾನ ಮಾಡಿದ ಶೃಂಗೇರಿಯಲ್ಲೇ.

ಅಳಿಸುವ ಹಲಗೆಯನ್ನು ನಂಬುವುದು ಹೇಗೆ, ಗಟ್ಟಿ ರಟ್ಟಿನ, ತೊಗಲು ಕಟ್ಟಿನ ಲೆಡ್ಜರು ಬಂದಮೇಲಲ್ಲವೇ ವ್ಯವಹಾರಕ್ಕೆ ಹೊಣೆಗಾರಿಕೆ ಬಂದದ್ದು ಎಂಬ ವಾದವೂ ಇದೆ. ಟಿಪ್ಪುವಿನ ಪಕ್ಷದ ವಾದವಿದು, ಬಲವಾದದ್ದೇ. ಆದರೆ ವಿಲ್ಕ್ಸ್ ಇನ್ನೊಂದು ಸಂಗತಿಯನ್ನು ಕಂಡಿದ್ದ: ವರ್ತಕನೊಬ್ಬನ ಕಡತದಲ್ಲಿ ಬರೆದ, ಸಾಕ್ಷಿಗಳ ಸಮೇತವಾದ ಸಾಲಪತ್ರವನ್ನು ನ್ಯಾಯದ ಮುಂದೆ ಹಾಜರುಪಡಿಸಿದಾಗ ಅದನ್ನು ಪುರಾವೆಯೆಂದು ಒಪ್ಪಿಕೊಂಡರು. ತಾಮ್ರ, ಕಲ್ಲುಗಳನ್ನು ಬಿಟ್ಟರೆ ಈ ದೇಶದ ಯಾವ ಸಾಮಗ್ರಿಗಿಂತಲೂ ಕಡತ ಹೆಚ್ಚು ಬಾಳಿಕೆಯದು ಎಂಬುದು ಅವನ ತೀರ್ಮಾನ. ಬರಹದ ನಂಬಿಕೆ ಹೊದಿಕೆಯಿಂದ ಬರುವುದಿಲ್ಲ, ಅದನ್ನು ಯಾರ ಮುಂದೆ ಬರೆದರು, ಯಾರು ಕಟ್ಟಿಟ್ಟರು ಎಂಬುದರಿಂದ ಬರುತ್ತದೆ. ಇದು ನಮ್ಮಲ್ಲಿ ಮಾತ್ರವಲ್ಲ. ಇಟಲಿಯ ಪೊಂಪೆಯಲ್ಲಿ 1875ರಲ್ಲಿ ಜುಕುಂಡಸ್ ಎಂಬ ಲೇವಾದೇವಿಗಾರನ ಮನೆಯಿಂದ ನೂರೈವತ್ತಕ್ಕೂ ಹೆಚ್ಚು ಮೇಣದ ಹಲಗೆಗಳು ಸಿಕ್ಕವು. ಮೇಣವನ್ನು ಬೆರಳುಗುರಿನಿಂದ ಬೇಕಾದರೂ ತಿದ್ದಬಹುದು. ಅದಕ್ಕಾಗಿ ರೋಮನ್ನರು ರಸೀತಿಯನ್ನು ಒಳಮೈಯಲ್ಲಿ ಬರೆದು, ಹಲಗೆಗಳನ್ನು ಮುಚ್ಚಿ, ದಾರ ಸುತ್ತಿ, ದಾರದ ಮೇಲೆ ಸಾಕ್ಷಿಗಳ ಮುದ್ರೆ ಒತ್ತಿಸಿ, ಓದಲೆಂದು ಹೊರಮೈಯಲ್ಲಿ ಇನ್ನೊಂದು ಪ್ರತಿ ಬರೆದರು. ಅಲ್ಲಿಯೂ ಮರ, ದಾರ, ಸಾಕ್ಷಿ.

ಹಾಗಾದರೆ ತೊಗಲು ಯಾವ ವೃತ್ತಿಯವರ ಜೊತೆಗಿತ್ತು? ಕನ್ನಡದ ಪದಗಳನ್ನೇ ಕೇಳಬಹುದು. ಹಡಪ ಎಂದರೆ ಎಲೆಯಡಿಕೆಯ ಚೀಲ, ಮನೆಮನೆಗೆ ಹೋಗುವ ಕ್ಷೌರಿಕನ ಸಾಮಾನಿನ ಚೀಲವೂ ಹೌದು. ಕತ್ತಿಗೆ ಒರೆ, ಬಾಣಕ್ಕೆ ಬತ್ತಳಿಕೆ, ಎಣ್ಣೆ ತುಪ್ಪಕ್ಕೆ ಸಿದ್ದೆ, ಕುದುರೆಗೆ ಜೀನು, ನೊಗಕ್ಕೆ ಮಿಣಿ, ನೀರಿಗೆ ಪಖಾಲಿ. ಇವುಗಳಲ್ಲಿ ಬಹುಪಾಲು ನಡೆಯುವ, ಉಜ್ಜುವ, ಎಳೆಯುವ, ಸೋರುವ ಕೆಲಸಕ್ಕೆ ಸೇರಿದವು. ಹರಿತವಾದದ್ದು, ದ್ರವವಾದದ್ದು, ದಾರಿಯಲ್ಲಿ ಏಟು ತಿನ್ನುವಂಥದ್ದು ತೊಗಲಿನ ಪಾಲು. ಶಾನುಭೋಗ ಕೂತು ಬರೆಯುವವನು. ಅವನಿಗೆ ಬೇಕಾದದ್ದು ಮಣೆ, ಇಳಿಜಾರು ಮೇಜು ಮತ್ತು ಜಂತಿಯ ಕೆಳಗೆ ದಾಖಲೆ ನೇತುಹಾಕಲು ಒಂದು ಗೂಟ. ವರ್ತಕರು ಊರೂರು ತಿರುಗುತ್ತಿದ್ದರಲ್ಲ ಎನ್ನಬಹುದು. ತಿರುಗುತ್ತಿದ್ದರು. ಐಹೊಳೆಯ ಐನೂರ್ವರ ಕಾಲದಿಂದ ಎತ್ತಿನ ಬೆನ್ನ ಮೇಲೆ ಹಸುಬೆ ಹೇರಿ ನಡೆದ ಜನ ಅವರು. ದಾರಿಯ ಏಟು ತಿನ್ನಲು ಹಸುಬೆಯಿತ್ತು, ಕಡತ ಅದರೊಳಗಿನ ಗಂಟಿನಲ್ಲಿತ್ತು. ದಾರಿಯಲ್ಲಿ ನಡೆಯುತ್ತ ನಡೆಯುತ್ತಲೇ ಹಲಗೆ ತೆರೆದು ಬರೆಯುವ ಅಗತ್ಯ ಅವರಿಗೆ ಬೀಳಲಿಲ್ಲ. ಲೆಕ್ಕ ತೆರೆಯುತ್ತಿದ್ದುದು ಸಂತೆಯಲ್ಲಿ, ಛತ್ರದ ಜಗಲಿಯಲ್ಲಿ.

ನಡೆಯುತ್ತಲೇ ಬರೆಯಬೇಕಾದವನು ಸೈನಿಕ. ಹಂಗೇರಿಯ ಹುಸಾರ್ ಸವಾರರಿಂದ ಯೂರೋಪಿನ ಸೇನೆಗಳಿಗೆಲ್ಲ ಹಬ್ಬಿದ ಸೇಬರ್‌ಟಾಷ್ ಎಂಬ ಚಪ್ಪಟೆ ತೊಗಲ ಚೀಲವನ್ನು ಈ ದೃಷ್ಟಿಯಿಂದ ನೋಡಬೇಕು. ಕತ್ತಿಯ ಪಟ್ಟಿಯಿಂದ ಎಡಗಾಲಿನ ಪಕ್ಕಕ್ಕೆ ತೂಗುತ್ತಿದ್ದ ಅದರಲ್ಲಿ ಕಾಗದ, ಆಜ್ಞೆ, ನಕ್ಷೆ ಇಡುತ್ತಿದ್ದರು. ಬಯಲಿನಲ್ಲಿ ಮೇಜು ಎಲ್ಲಿಂದ ಬರಬೇಕು? ಆ ಚೀಲದ ಗಟ್ಟಿ ಮುಚ್ಚಳವನ್ನೇ ಒತ್ತು ಕೊಟ್ಟು ಬರೆಯುತ್ತಿದ್ದರು. ಮೊಳಕಾಲ ಮೇಲೆ ಒರಗಿಸಿಟ್ಟು ಬರೆಯುವ ಇಂದಿನ ತೊಗಲ ಫೋಲಿಯೋಗೆ ಇದಕ್ಕಿಂತ ಹತ್ತಿರದ ಅಜ್ಜ ಇನ್ನೊಬ್ಬನಿಲ್ಲ. ಆ ಚೀಲದ ಮೇಲೆ ರೆಜಿಮೆಂಟಿನ ಕಸೂತಿ ಲಾಂಛನ ಬೇರೆ. ಉಪಯೋಗಕ್ಕಿಂತ ದರ್ಪ ಹೆಚ್ಚಾದ ಕಾಲವೂ ಬಂತು. ನಮ್ಮ ದೇಶದಲ್ಲಿ ತೊಗಲ ಸಾಮಾನಿನ ದೊಡ್ಡ ಕಾರ್ಖಾನೆ ಎದ್ದದ್ದೂ ಇದೇ ಕುದುರೆಗಾಗಿ. 1857ರ ನಂತರ, 1860ರ ದಶಕದಲ್ಲಿ, ಕಾನ್ಪುರದಲ್ಲಿ ಸರ್ಕಾರ ಸ್ಥಾಪಿಸಿದ ಕಾರ್ಖಾನೆಯ ಹೆಸರಿನಲ್ಲಿಯೇ ಜೀನು ಮತ್ತು ಲಗಾಮುಗಳಿದ್ದವು. ಕುದುರೆಗೆ ಜೀನು ಹೊಲಿದ ವಿದ್ಯೆಯೇ ಸವಾರನಿಗೆ ಚೀಲ, ಅಧಿಕಾರಿಗೆ ಪೆಟ್ಟಿಗೆ ಹೊಲಿಯಿತು. ಜಮಾಬಂದಿಗೆ ಬರುವ ದೊರೆಗಳ ತೊಗಲ ಚೀಲ ಒಂದು ಕಡೆ, ಬಟ್ಟೆಯ ಗಂಟು ಬಿಚ್ಚುತ್ತ ಅವರೆದುರು ನಿಂತ ಶಾನುಭೋಗ ಇನ್ನೊಂದು ಕಡೆ ಎಂಬ ಚಿತ್ರದಲ್ಲಿ ಯಾವುದು ಅಧಿಕಾರದ ಬಣ್ಣ, ಯಾವುದು ಅಧೀನತೆಯ ಬಣ್ಣ ಎಂಬುದನ್ನು ನೋಡುಗರು ಬೇಗ ಕಲಿತರು. ತೊಗಲ ಕವರಿನ ಗಾಂಭೀರ್ಯದ ಮೂಲ ಇಲ್ಲಿದೆ. ಭಾಷೆಯೂ ಒಂದು ತಮಾಷೆ ಮಾಡಿತು. ಬಟ್ಟೆ ಸುತ್ತಿದ ದಾಖಲೆಯ ಕಟ್ಟಿಗೆ ನಾವು ಪಾರಸಿಯಿಂದ ತಂದುಕೊಂಡ ಪದ ದಫ್ತರ. ಪಾರಸಿಗೆ ಅದು ಬಂದದ್ದು ಗ್ರೀಕಿನ ಡಿಫ್ತೆರಾದಿಂದ. ಅದರ ಅರ್ಥ ಹದ ಮಾಡಿದ ತೊಗಲು. ಶಾನುಭೋಗನ ಗೂಟದಲ್ಲಿ ಹೆಸರಿಗೆ ತೊಗಲು ತೂಗುತ್ತಿತ್ತು, ವಸ್ತುವಾಗಿ ಮಾತ್ರ ಕೆಂಪು ಬಟ್ಟೆಯೇ.

ತೊಗಲೆಂದರೆ ಬಾಳಿಕೆ ಎಂಬ ಇನ್ನೊಂದು ನಂಬಿಕೆಗೆ ಪೆಟ್ಟು ಕೊಟ್ಟದ್ದು ನಮ್ಮದೇ ತಂಗಡಿ ಗಿಡ. ಬಯಲುಸೀಮೆಯ ದಾರಿಬದಿಯಲ್ಲಿ ಹಳದಿ ಹೂ ಬಿಡುವ ಈ ಗಿಡಕ್ಕೆ ಕೆಲವೆಡೆ ಆವರಿಕೆ ಎಂದೂ ಹೆಸರು. ಇದರ ತೊಗಟೆಯಲ್ಲಿ ಹದ ಮಾಡಿದ ತೊಗಲು ತೆಳು ಬಣ್ಣದ್ದು, ಮೆದು, ಅಗ್ಗ. ಹತ್ತೊಂಬತ್ತನೆಯ ಶತಮಾನದಲ್ಲಿ ದಕ್ಷಿಣ ಭಾರತದಿಂದ ಅರೆಹದವಾಗಿ ಹಡಗು ಹತ್ತಿದ ತೊಗಲುಗಳು ಈಸ್ಟ್ ಇಂಡಿಯಾ ಕಿಪ್ಸ್ ಎಂಬ ಹೆಸರಿನಲ್ಲಿ ಲಂಡನ್ನಿನ ಹರಾಜುಕಟ್ಟೆಯಲ್ಲಿ ಮಾರಾಟವಾಗುತ್ತಿದ್ದವು. ಅಲ್ಲಿ ಇನ್ನೊಮ್ಮೆ ಹದಗೊಂಡು ಜೋಡಾದವು, ಚೀಲವಾದವು, ಪುಸ್ತಕದ ಕಟ್ಟೂ ಆದವು. ಕಟ್ಟಾದಾಗ ಹುಳುಕು ಬಯಲಾಯಿತು. ಗ್ರಂಥಾಲಯಗಳಲ್ಲಿ ಪುಸ್ತಕಗಳ ಬೆನ್ನು ಕೆಂಪು ಪುಡಿಯಾಗಿ ಉದುರುತ್ತಿದ್ದುದನ್ನು ವಿಚಾರಿಸಲು ಲಂಡನ್ನಿನ ಸೊಸೈಟಿ ಆಫ್ ಆರ್ಟ್ಸ್ ಒಂದು ಸಮಿತಿ ಮಾಡಿತು. 1901ರಲ್ಲಿ ಅದರ ವರದಿ ಹೊರಬಂತು. ಹದಕ್ಕೆ ಬಳಸುವ ವಸ್ತುವೇ ಮುಖ್ಯ ಕಾರಣಗಳಲ್ಲೊಂದು, ಸುಮಾಕ್ ಎಲೆಯ ಹದ ಒಳ್ಳೆಯದು, ತರವಾರ್ ಅಂದರೆ ತಂಗಡಿ ತೊಗಟೆಯ ಹದ ಪುಸ್ತಕಕ್ಕೆ ತೀರಾ ಕೆಟ್ಟದು ಎಂಬುದು ಅದರ ನಿಲುವು. ಭಾರತದಲ್ಲಿ ಹದಗೊಂಡ ಕುರಿ, ಮೇಕೆಯ ತೊಗಲಿನ ಕೆಲವು ಕಟ್ಟುಗಳು ಒಂದು ವರ್ಷ ತುಂಬುವ ಮೊದಲೇ ಕೊಳೆಯುವ ಲಕ್ಷಣ ತೋರಿಸಿದ್ದವು. ಲಂಡನ್ನಿನ ಕಲ್ಲಿದ್ದಲ ಹೊಗೆಯಲ್ಲಿದ್ದ ಗಂಧಕದ ಆಮ್ಲವನ್ನು ಇಂಥ ತೊಗಲು ಹೀರಿಕೊಂಡು ಒಳಗಿಂದಲೇ ಸಾಯುತ್ತದೆ. ತಪ್ಪು ತಂಗಡಿಯದಲ್ಲ. ಕೆರ, ಬಾರುಗಳಂಥ ಸವೆದು ಹೋಗುವ ಸಾಮಾನಿಗೆ ಒಪ್ಪುವ ಹದವನ್ನು, ಅಲುಗಾಡದೆ ನೂರು ವರ್ಷ ಕೂರಬೇಕಾದ ಕೆಲಸಕ್ಕೆ ಹಚ್ಚಿದ್ದು ತಪ್ಪು.

ತೊಗಲಿನ ಹೆಸರಿನಲ್ಲಿ ಎರಡು ಬೇರೆ ವಸ್ತುಗಳಿವೆ ಎಂಬುದು ಕೊಳ್ಳುವವರಿಗೆ ಇವತ್ತೂ ಹೊಳೆಯುವುದಿಲ್ಲ. ತೊಗಟೆಯ ಹದ ಒಂದು. ನ್ಯೂಯಾರ್ಕಿನ ಅಗಸ್ಟಸ್ ಶುಲ್ಟ್ಸ್ 1884ರಲ್ಲಿ ಹಕ್ಕುಪತ್ರ ಪಡೆದ ಕ್ರೋಮ್ ಹದ ಇನ್ನೊಂದು. ತಿಂಗಳುಗಟ್ಟಲೆ ಹಿಡಿಯುತ್ತಿದ್ದ ಕೆಲಸವನ್ನು ಕ್ರೋಮಿಯಂ ಲವಣ ಕೆಲವೇ ದಿನಕ್ಕೆ ಇಳಿಸಿತು, ನೀರಿಗೂ ಬಿಸಿಗೂ ಹೆಚ್ಚು ತಾಳುವ ತೊಗಲನ್ನು ಕೊಟ್ಟಿತು. ಮದ್ರಾಸಿನ ಕಲಾಶಾಲೆಯಲ್ಲಿ ಆಲ್ಫ್ರೆಡ್ ಚಾಟರ್ಟನ್ 1903ರ ಸುಮಾರಿಗೆ ಇದನ್ನು ಪ್ರಯೋಗಿಸಿದಾಗ ಅವರ ಕಣ್ಣಿದ್ದದ್ದು ಸಾಹೇಬರ ಚೀಲದ ಮೇಲಲ್ಲ, ರೈತನ ಬಾವಿಯ ಮೇಲೆ: ಸದಾ ಒದ್ದೆಯಾಗಿರುವ ಕಪಿಲೆಯ ಬಾನಿ ತೊಗಟೆ ಹದದ ತೊಗಲಿನಲ್ಲಿ ಬೇಗ ಕೊಳೆಯುತ್ತಿತ್ತು. ಇದೇ ಚಾಟರ್ಟನ್ ಮುಂದೆ ವಿಶ್ವೇಶ್ವರಯ್ಯನವರ ದಿವಾನಗಿರಿಯಲ್ಲಿ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ನಿರ್ದೇಶಕರಾದರು. ಇನ್ನೊಂದು ಕಡೆ, ಅಥಣಿ, ನಿಪ್ಪಾಣಿಯ ಸೀಮೆಯ ಕುಶಲಿಗಳು ಜಾಲಿ ತೊಗಟೆ, ಅಳಲೆಕಾಯಿಯ ಹದವನ್ನು ಬ್ಯಾಗಿಗಲ್ಲ, ಕಾಲ ಕೆಳಗಿನ ಚಪ್ಪಲಿಗೆ ಉಳಿಸಿಕೊಂಡರು. 2019ರಲ್ಲಿ ಕೊಲ್ಲಾಪುರಿ ಚಪ್ಪಲಿಗೆ ಸಿಕ್ಕ ಭೌಗೋಳಿಕ ಸೂಚಕದಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳಷ್ಟೇ ಪಾಲು ಬೆಳಗಾವಿ, ಬಾಗಲಕೋಟೆ, ಧಾರವಾಡ, ವಿಜಯಪುರಗಳಿಗೂ ಇದೆ. ಹೆಸರು ಮಾತ್ರ ಗಡಿಯಾಚೆಯ ಪೇಟೆಯದು, ಅದು ಬೇರೆ ಕಥೆ.

ಗಾಜಿನ ಹಲಗೆಗೆ ಹತ್ತಾರು ಸಾವಿರ ಕೊಟ್ಟವನು ಅದನ್ನು ಬಟ್ಟೆಯಲ್ಲಿ ಸುತ್ತಿ ಕೂರಲಾರ, ಅವನ ಕೆಲಸ ಗದ್ದುಗೆಯದಲ್ಲ, ಅವನೇ ಇಂದಿನ ಸವಾರ ಎಂಬ ಮಾತಿನಲ್ಲಿ ಹುರುಳಿದೆ. ಕೋರ್ಟಿನಿಂದ ಕೋರ್ಟಿಗೆ, ಸೈಟಿನಿಂದ ಸೈಟಿಗೆ ಓಡುವವನಿಗೆ ಉಜ್ಜಾಟ ತಾಳುವ ತೊಗಲು ಸರಿಯಾದ ಆಯ್ಕೆಯೇ. ಆದರೆ ಆಗ ಕೇಳಬೇಕಾದ ಪ್ರಶ್ನೆಗಳು ಜೀನು ಹೊಲಿಸುವವನ ಪ್ರಶ್ನೆಗಳು: ಯಾವ ಹದ, ಮೇಲ್ಪದರದ ತೊಗಲೋ ಸೀಳಿದ ಒಳಪದರಕ್ಕೆ ಬಣ್ಣ ಬಳಿದದ್ದೋ, ಅಂಚು ಹೊಲಿದದ್ದೋ ಬರೀ ಅಂಟಿಸಿದ್ದೋ, ಮೂಲೆಯ ಏಟನ್ನು ತಿನ್ನಲು ಒಳಗೆ ಗಟ್ಟಿ ಹಲಗೆ ಇದೆಯೋ. ತೊಗಲು ಗೀರನ್ನು ತಡೆಯುತ್ತದೆ, ಬೀಳುವ ಪೆಟ್ಟನ್ನು ತಾನೊಂದೇ ತಡೆಯುವುದಿಲ್ಲ. ಆ ಕೆಲಸ ಒಳಗಿನ ತಗಡಿನದು, ಕಡತದಲ್ಲಿ ಮರ ಮಾಡುತ್ತಿದ್ದ ಕೆಲಸ. ಬೆಂಗಳೂರಿನ ಒಣ ಹವೆಗೆ ಚೆಲುವಾಗಿ ಹಣ್ಣಾಗುವ ತೊಗಟೆ ಹದದ ಕವರು ಆಗುಂಬೆಯಲ್ಲಿ ಎರಡು ಮಳೆಗಾಲಕ್ಕೆ ಬೂಷ್ಟು ಹಿಡಿಯುತ್ತದೆ. ಅಲ್ಲಿ ಕ್ರೋಮ್ ಹದವೇ ವಾಸಿ. ಶಾನುಭೋಗರು ಈ ಲೆಕ್ಕಾಚಾರದಿಂದ ಎಂದೋ ಹೊರಗಾದರು. 1961ರ ಗ್ರಾಮಾಧಿಕಾರಗಳ ರದ್ದತಿ ಕಾಯ್ದೆ ಅವರ ವಂಶದ ಹಕ್ಕನ್ನು ತೆಗೆಯಿತು. ದಫ್ತರ ತಾಲ್ಲೂಕು ಕಚೇರಿ ಸೇರಿತು, ಬಟ್ಟೆಯ ಗಂಟುಗಳು ಕಪಾಟು ಸೇರಿದವು. ಇಷ್ಟಾದರೂ ದುಬಾರಿ ತೊಗಲ ಕವರೊಂದನ್ನು ತೆರೆದು ಒಳಮೈ ಮುಟ್ಟಿ ನೋಡಿದರೆ ಅಲ್ಲಿ ಸಾಮಾನ್ಯವಾಗಿ ಸಿಗುವುದು ತೊಗಲಲ್ಲ. ಬರೆಯುವ ಗಾಜಿಗೆ ತಾಗಿಕೊಂಡು ಅದರ ದೂಳನ್ನೂ ಬೆರಳಚ್ಚನ್ನೂ ಒರೆಸುತ್ತಿರುವುದು ಅಂಗೈಯಗಲದ ಮೆತ್ತನೆಯ ಬಟ್ಟೆ.